ತಂಗಿಯ ಹೆಬ್ಬೆರಳು

ನನ್ನ ತಂಗಿಯ ಬಲಗಾಲಿನ ಹೆಬ್ಬೆರಳನ್ನು ನಾನು ದ್ವೇಷಿಸಿದಷ್ಟು ಈ ಭೂಮಿಯ ಮೇಲೆ ಯಾರೂ ಯಾರ ಬೆರಳನ್ನೂ ದ್ವೇಷಿಸಿರಲಾರರು. ನೋಡುವುದಕ್ಕೆ ಚೆಂದದ ಬೆರಳೇ. ಚಿಕ್ಕಂದಿನಿಂದ ನೃತ್ಯ ಕಲಿತ ಕಾಲು, ಉಗುರಿಗೆ ತಪ್ಪದೆ ಬಣ್ಣ. ಆದರೆ ಅವಳು ನನ್ನ ಬೆನ್ನಿನ ಮೇಲೆ ಬೋರಲು ಬಿದ್ದು ಎರಡೂ ಕಾಲನ್ನು ನೆಲದಿಂದ ಎತ್ತಬೇಕಾದ ಹೊತ್ತಿಗೆ ಆ ಒಂದು ಬೆರಳು ಮಾತ್ರ ನೆಲ ಬಿಡುತ್ತಿರಲಿಲ್ಲ. ಅಕ್ಕನಿಗೆ ಭಾರವಾಗಬಾರದು ಪಾಪ, ಅದಕ್ಕೆ.

ಪಾಪ ಅನ್ನುವ ಮಾತು ಕೇಳಿದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಹುಟ್ಟಿದಾಗಿನಿಂದ ನನ್ನ ಅಂಗಾಲಿಗೆ ಬಿಸಿ, ತಂಪು ಯಾವುದೂ ತಿಳಿಯುವುದಿಲ್ಲ. ಈ ಉರಿ ಮಾತ್ರ ಅಲ್ಲಿಗೂ ಮುಟ್ಟುತ್ತದೆ.

ನಾನು ವೀಲ್‌ಚೇರಿನಲ್ಲಿ ಕೂತು ಕುಣಿಯುವವಳು. ನಮ್ಮ ತಂಡದಲ್ಲಿ ನನ್ನ ಹಾಗೆ ಕೂತವರಿದ್ದಾರೆ, ಊರುಗೋಲಿನವನೊಬ್ಬನಿದ್ದಾನೆ, ಕಿವಿ ಕೇಳಿಸದ ಹುಡುಗಿಯೊಬ್ಬಳು ನೆಲದ ನಡುಕ ಹಿಡಿದೇ ತಾಳ ತಪ್ಪದೆ ಕುಣಿಯುತ್ತಾಳೆ. ಕೈಕಾಲು ಎಲ್ಲ ನೆಟ್ಟಗಿರುವವರೂ ಇದ್ದಾರೆ, ಅವರನ್ನು ನಾವು ‘ನಿಂತವರು’ ಅನ್ನುತ್ತೇವೆ. ಹಳೆಯ ಗೋದಾಮೊಂದರ ನೆಲಕ್ಕೆ ರಬ್ಬರ್ ಹಾಸಿ ನಮ್ಮ ತಾಲೀಮಿನ ಜಾಗ ಮಾಡಿಕೊಂಡಿದ್ದೇವೆ. ಒಂದು ಗೋಡೆ ಪೂರ್ತಿ ಕನ್ನಡಿ. ಅದಕ್ಕೆ ಯಾವಾಗಲೂ ಪರದೆ ಎಳೆದಿರುತ್ತದೆ, ಏಕೆಂದರೆ ಕನ್ನಡಿ ಇದ್ದರೆ ಎಲ್ಲರೂ ಎದುರಿಗಿರುವವರನ್ನು ಬಿಟ್ಟು ತಮ್ಮನ್ನೇ ನೋಡಿಕೊಳ್ಳುತ್ತಾರೆ ಎಂದು ನಮ್ಮ ನಿರ್ದೇಶಕಿಯ ದೂರು. ಅವರನ್ನು ಎಲ್ಲರೂ ಟೀಚರ್ ಅನ್ನುತ್ತೇವೆ.

ಟೀಚರ್ ಇಟ್ಟ ನಿಯಮ ಒಂದೇ. ಯಾರನ್ನೇ ಆಗಲಿ, ಯಾರ ಕುರ್ಚಿಯನ್ನೇ ಆಗಲಿ, ಮುಟ್ಟುವ ಮೊದಲು “ಬರಲಾ?” ಎಂದು ಕೇಳಬೇಕು. “ಬಾ” ಅಂದ ಮೇಲೆ ಬರಬೇಕು. ಬರುವುದಾದರೆ ಪೂರ್ತಿ ಬರಬೇಕು. ವೇದಿಕೆಯ ಮೇಲೆ ಕೇಳುವ ಹಾಗಿಲ್ಲವಲ್ಲ, ಅಲ್ಲಿ ಎರಡು ಬೆರಳಿನಿಂದ ಭುಜ ತಟ್ಟುತ್ತಾರೆ, ತಟ್ಟಿಸಿಕೊಂಡವರು ತುಟಿಯಲ್ಲೇ “ಬಾ” ಅನ್ನುತ್ತಾರೆ.

ಈ ಪೂರ್ತಿ ಬರುವುದು ಅನ್ನುವುದೇ ನಿಂತವರಿಗೆ ಬಹಳ ಕಷ್ಟ. ಹೊಸದಾಗಿ ಸೇರಿದವರು ನನ್ನ ಮೇಲೆ ಒರಗಿದರೆ ನೆಂಟರ ಮನೆಯ ಹೊಸ ಸೋಫಾದ ಅಂಚಿನಲ್ಲಿ ಕೂತ ಹಾಗೆ ಕೂರುತ್ತಾರೆ. ಪೂರ್ತಿ ಭಾರ ಹೊರುವುದು ನನಗೆ ಸುಲಭ. ಬಗ್ಗಿ ಎದೆಯನ್ನು ಮಂಡಿಗೆ ಒತ್ತುತ್ತೇನೆ, ಬೆನ್ನಿನ ಮೇಲೆ ಬಿದ್ದವರ ಭಾರ ಇಳಿದು ಚಕ್ರದ ಅಚ್ಚಿನ ಮೇಲೆ ಕೂರುತ್ತದೆ, ನಾನು ಕೈಯಿಂದ ಚಕ್ರ ದೂಡುತ್ತೇನೆ, ಕುರ್ಚಿ ನೆಟ್ಟಗೆ ಓಡುತ್ತದೆ. ಕೊಡುವುದೋ ಬಿಡುವುದೋ ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅರ್ಧ ಭಾರ ಕೊಟ್ಟರೆ ಮಾತ್ರ ಸತ್ತೆ. ನನ್ನ ತಂಗಿಯ ಬೆರಳು ನೆಲದಲ್ಲಿ ಉಜ್ಜಿದ ಕೂಡಲೇ ಕುರ್ಚಿ ಬಲಕ್ಕೆ ಎಳೆಯುತ್ತಿತ್ತು, ಅಂಗಡಿಯಲ್ಲಿ ಒಂದು ಚಕ್ರ ಕೆಟ್ಟ ತಳ್ಳುಗಾಡಿ ಎಳೆಯುತ್ತದಲ್ಲ, ಹಾಗೆ. ಅವಳು ಜಾರುತ್ತಿದ್ದಳು, ನನ್ನ ಭುಜ ತಿರುಚುತ್ತಿತ್ತು. ಕೆಳಗಿಳಿದ ಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ: “ನೋವಾಯ್ತಾ ಅಕ್ಕ?”

ನೋವು ಮಾಡುತ್ತಿದ್ದದ್ದೇ ನಿನ್ನ ಕರುಣೆ ಕಣೇ ಎಂದು ಎಷ್ಟು ಸಲ ಹೇಳಿದ್ದೇನೋ. ಬೋರ್ಗಲ್ಲ ಮೇಲೆ ಮಳೆ.

ಆ ಯುಗಳ ನೃತ್ಯ ಕಟ್ಟಿದ್ದು ನಾನು. ಅಷ್ಟು ವರ್ಷ ತಂಡದಲ್ಲಿ ನನ್ನನ್ನು ಎತ್ತಿದ್ದರು, ತಿರುಗಿಸಿದ್ದರು, ಕುರ್ಚಿ ಸಮೇತ ಹೊತ್ತಿದ್ದರು. ನಾನು ಒಬ್ಬರನ್ನು ಹೊತ್ತು ವೇದಿಕೆಯ ಆ ಮೂಲೆಯಿಂದ ಈ ಮೂಲೆಗೆ ದಾಟಬೇಕು, ಅದು ನನ್ನ ಆಸೆ. ಟೀಚರ್ ಒಪ್ಪಿದ್ದರು. ಪ್ರದರ್ಶನ ಶನಿವಾರ ಮತ್ತು ಭಾನುವಾರ ಸಂಜೆ. ಆದರೆ ಬೆರಳಿನ ಕಾಟ ನೋಡಿ ನೋಡಿ ಅವರಿಗೂ ಸಾಕಾಗಿತ್ತು. ಇದು ಸರಿಹೋಗದಿದ್ದರೆ ತಿರುಗಿಸಿಬಿಡೋಣ, ತಂಗಿಯೇ ನಿನ್ನನ್ನು ಕುರ್ಚಿಯಿಂದ ಎತ್ತಿಕೊಂಡು ವೇದಿಕೆ ದಾಟಲಿ, ಅದೂ ಚೆನ್ನಾಗಿಯೇ ಕಾಣುತ್ತದೆ ಎಂದರು.

ಕಾಣುತ್ತದೆ, ಕಾಣದೇ ಏನು. ತಂಗಿಯ ತೋಳಲ್ಲಿ ಅಕ್ಕ, ನೇತಾಡುವ ಕಾಲು, ಮುಂದಿನ ಸಾಲಿನಲ್ಲಿ ಕರವಸ್ತ್ರ. ಆ ಚಪ್ಪಾಳೆ ನನಗೆ ಚೆನ್ನಾಗಿ ಗೊತ್ತು. ಕೈಯಲ್ಲಿ ಕರವಸ್ತ್ರ ಹಿಡಿದು ತಟ್ಟುವ ಚಪ್ಪಾಳೆ, ಸದ್ದೇ ಬರುವುದಿಲ್ಲ. ಅದಕ್ಕಿಂತ ಮನೆಯಲ್ಲಿ ಕೂತು ಬಟ್ಟೆ ಮಡಚುವುದು ಮೇಲು.

ಇನ್ನು ನನ್ನ ತಂಗಿ ನಮ್ಮ ತಂಡಕ್ಕೆ ಬಂದದ್ದು ಹೇಗೆ ಅನ್ನುವುದನ್ನು ಹೇಳಬೇಕು. ಚಿಕ್ಕವರಿದ್ದಾಗ ಅವಳನ್ನು ನೃತ್ಯದ ಕ್ಲಾಸಿಗೆ ಕರೆದುಕೊಂಡು ಹೋಗುವಾಗ ಅಮ್ಮ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂತ. ನನ್ನ ಕುರ್ಚಿಯ ಜಾಗ ಬಾಗಿಲ ಹತ್ತಿರ, ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಅಲ್ಲಿಂದಲೇ ಎಲ್ಲ ನೋಡಿದೆ, ಎಲ್ಲ ಕಲಿತೆ. ನನಗೆ ಕಲಿಸಬೇಕು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅವಳು ಬೆಳೆದು ದೊಡ್ಡ ತಂಡವೊಂದಕ್ಕೆ ಸೇರಿದಳು, ಪೋಸ್ಟರಿನಲ್ಲಿ ಮುಖ ಬಂತು. ಅಮ್ಮನ ಬಾಯಲ್ಲಿ ಎರಡೇ ಮಾತು: ನನಗೆ “ತಂಗಿ ನೋಡು”, ಅವಳಿಗೆ “ನಾನು ಹೋದ ಮೇಲೆ ಅಕ್ಕ ನಿನ್ನ ಪಾಲಿಗೆ”. ಇಬ್ಬರಿಗೂ ಈ ಮಾತಿನಿಂದ ಒಳ್ಳೆಯದಾಗಲಿಲ್ಲ.

ಹೋದ ವರ್ಷ ಆ ದೊಡ್ಡ ತಂಡದವರು ಅವಳನ್ನು ಕೈಬಿಟ್ಟರು. ಇನ್ನು ಚಿಕ್ಕ ವಯಸ್ಸಿನವರು ಬೇಕಂತೆ, ಆಮೇಲೆ ಟೀಚರ್ ವಿಚಾರಿಸಿ ಹೇಳಿದ್ದು. ಇವಳು ಮನೆಯಲ್ಲಿ ಉಸಿರೆತ್ತಲಿಲ್ಲ. ದಿನವೂ ಬೆಳಿಗ್ಗೆ ಬ್ಯಾಗ್ ಏರಿಸಿಕೊಂಡು ಹೊರಡುತ್ತಿದ್ದಳು. ಒಂದು ದಿನ ನಾನು ನಮ್ಮ ಗೋದಾಮಿಗೆ ಹೋಗುವಾಗ ಕಂಡೆ, ಅವರ ತಾಲೀಮಿನ ಕಟ್ಟಡದ ಎದುರಿನ ಬಸ್ ಸ್ಟಾಪಿನಲ್ಲಿ ಕೂತಿದ್ದಾಳೆ, ತೊಡೆ ಮೇಲೆ ಬ್ಯಾಗ್. ಬಸ್ ಬರುತ್ತಿದೆ, ಹೋಗುತ್ತಿದೆ, ಇವಳು ಏಳುತ್ತಿಲ್ಲ. ಮರುದಿನವೂ ಅಲ್ಲೇ. ಕಂಡೂ ಕಾಣದ ಹಾಗೆ ಹೋಗಲು ನನ್ನಿಂದ ಆಗಲಿಲ್ಲ, ಸುಳ್ಳೇಕೆ ಹೇಳಲಿ. ಟೀಚರ್ ಹತ್ತಿರ ಹೋಗಿ, ಇವಳನ್ನು ಕರೆಯಿರಿ, ಆದರೆ ನಾನು ಹೇಳಿದೆ ಅಂತ ಸಾಯುವವರೆಗೂ ಅವಳಿಗೆ ಗೊತ್ತಾಗಬಾರದು ಎಂದೆ. ಟೀಚರ್ ತಾವಾಗಿಯೇ ಫೋನ್ ಮಾಡಿದ ಹಾಗೆ ಮಾಡಿ ಕರೆದರು.

ಬಂದಳು, ಮಹಾರಾಣಿಯ ಹಾಗೆ ಬಂದಳು. ಬಂದ ದಿನವೇ ನನ್ನ ಕುರ್ಚಿಯ ಹಿಂದೆ ನಿಂತು ತಳ್ಳುವ ಹಿಡಿಕೆ ಹುಡುಕಿದಳು. ಕುಣಿಯುವ ಕುರ್ಚಿಗೆ ಹಿಡಿಕೆ ಇರುವುದಿಲ್ಲ, ನಾನೇ ಬೇಡ ಎಂದು ಮಾಡಿಸಿಕೊಂಡದ್ದು. ಗಾಳಿಯಲ್ಲಿ ಚಾಚಿದ ಅವಳ ಎರಡು ಕೈ ನೋಡಿ ಊರುಗೋಲಿನವನು ಬಿದ್ದು ಬಿದ್ದು ನಕ್ಕ. ಎಲ್ಲದಕ್ಕೂ ವಾದ ಹೂಡುವವನಾದ್ದರಿಂದ ಅವನಿಗೆ ಲಾಯರ್ ಎಂದು ಹೆಸರು.

ಪ್ರದರ್ಶನಕ್ಕೆ ಮುಂಚೆ ಪತ್ರಿಕೆಯವನೊಬ್ಬ ಬಂದ. ನನ್ನನ್ನು ಕುರ್ಚಿ ಎಲ್ಲಿ ಮಾಡಿಸಿದಿರಿ ಎಂದು ಕೇಳಿದ, ಅವಳನ್ನು ಕಲೆಯ ಬಗ್ಗೆ ಕೇಳಿದ. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಬಂತು: “ಅಕ್ಕನ ಕಾಲಾದ ತಂಗಿ”. ಕೆಳಗೆ ಫೋಟೊ. ಅವಳು ನಿಂತಿದ್ದಾಳೆ, ಕೈ ನನ್ನ ತಲೆಯ ಮೇಲಿದೆ, ನಾಯಿಯ ತಲೆ ಸವರಿದ ಹಾಗೆ. ಅಕ್ಕನಿಗಾಗಿ ದೊಡ್ಡ ತಂಡ ಬಿಟ್ಟು ಬಂದೆ, ಅವಳು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಿರುತ್ತಿದ್ದದ್ದು ಮರೆಯಲು ಆಗುವುದಿಲ್ಲ ಎಂದು ಹೇಳಿದ್ದಾಳೆ. ಅಮ್ಮ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು. ಹಾಲು ತೆಗೆಯಲು ಹೋದಾಗಲೆಲ್ಲ ನನ್ನ ಕಣ್ಣಿನ ಮಟ್ಟಕ್ಕೇ ಅದು.

ಆ ದಿನ ತಾಲೀಮಿನಲ್ಲಿ ಅವಳು ಓಡಿ ಬಂದು ನನ್ನ ಭುಜ ತಟ್ಟಿದಾಗ ನಾನು “ಬಾ” ಅನ್ನಲಿಲ್ಲ. ಬಾರಮ್ಮ, ನನ್ನ ಕಾಲೇ, ಬಾ, ಎಂದೆ. ಪತ್ರಿಕೆಯವನ ಮುಂದೆ ನನ್ನನ್ನು ಮಾರಿಕೊಂಡು ತಿಂದೆಯಲ್ಲ, ರುಚಿಯಾಗಿತ್ತಾ ಎಂದೆ. ಅವಳ ಮುಖ ಕೆಂಪಾಯಿತು. ನಿನಗೆ ಒಳ್ಳೆಯದು ಮಾಡಿದವರನ್ನೆಲ್ಲ ಕಚ್ಚೋದೇ ಆಯ್ತು ನಿನ್ನ ಬಾಳು ಎಂದು ಒದರಿ ಧೊಪ್ಪನೆ ನನ್ನ ಬೆನ್ನಿನ ಮೇಲೆ ಬಿದ್ದಳು. ಕಾಲು, ಬೆರಳು, ಕರುಣೆ, ಎಲ್ಲ ನೆಲ ಬಿಟ್ಟವು. ಕುರ್ಚಿ ಬಾಣದ ಹಾಗೆ ನೆಟ್ಟಗೆ ಹೋಯಿತು. ಮೂಲೆ ಮುಟ್ಟಿದಾಗ ಇಬ್ಬರೂ ಬೈಯುತ್ತಲೇ ಇದ್ದೆವು. ಟೀಚರ್ ಕೈ ಜೋಡಿಸಿ ನಿಂತಿದ್ದರು.

ಲಾಯರ್ ಊರುಗೋಲು ಕುಟ್ಟಿ ತೀರ್ಪು ಕೊಟ್ಟ, “ನಿಮ್ಮಿಬ್ಬರದು ಜಗಳ ಆಡಿದ್ರೆ ಮಾತ್ರ ಸರಿಯಾಗಿ ಬರುತ್ತೆ ನೋಡಿ.”

ಅಲ್ಲಿಂದ ಜಗಳವೇ ನಮ್ಮ ತಾಲೀಮು. ಅವಳು ಭುಜ ತಟ್ಟಿದಾಗಲೆಲ್ಲ ನಾನು ಒಂದು ಮೊಳೆ ಹೊಡೆಯುತ್ತಿದ್ದೆ. ಅವಳ ಗೊರಕೆ, ಅವಳನ್ನು ನೋಡಲು ಬಂದು ಕಾಫಿ ಕುಡಿದು ಕಾಣೆಯಾದ ಗಂಡು, ನರೆಗೂದಲಿಗೆ ಅವಳು ಹಚ್ಚುವ ಬಣ್ಣ, ಯಾವುದನ್ನೂ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಮ್ಮೆ ಅಂದಾಗ ಎಷ್ಟು ಜೋರಾಗಿ ಬಿದ್ದಳೆಂದರೆ ನನ್ನ ಗಲ್ಲ ಮಂಡಿಗೆ ತಾಗಿ ನಾಲಿಗೆ ಕಚ್ಚಿಕೊಂಡೆ. ಖುಷಿಯಾಯಿತು.

ಆದರೆ ಬೈಗುಳವೂ ಸೋಪಿನ ಹಾಗೆ, ಉಜ್ಜಿ ಉಜ್ಜಿ ಸವೆಯುತ್ತದೆ. ಅವಳಿಗೆ ನನ್ನ ಮಾತು ರೂಢಿಯಾಯಿತು. ಇದು ಅಕ್ಕನ ಉಪಾಯ ಎಂದು ಅರ್ಥವಾಯಿತು. ಶುಕ್ರವಾರದ ಕೊನೆಯ ತಾಲೀಮಿನಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ನಕ್ಕು, ಸರಿ ಅಕ್ಕ, ನಿನಗೆ ಸಮಾಧಾನ ಆಗೋದಾದ್ರೆ ಬೈಯಿ ಎಂದಳು. ಬೆನ್ನಿನ ಮೇಲೆ ಬಿದ್ದಳು. ನೆಲದ ಮೇಲೆ ಸರ್ ಎಂದು ಸದ್ದು. ಬೆರಳು ವಾಪಸ್ಸು ಬಂದಿತ್ತು. ಕುರ್ಚಿ ಬಲಕ್ಕೆ ತಿರುಗಿ ಗೋಡೆಗೆ ಹೋಗಿ ನಿಂತಿತು.

ಕ್ಷಮಿಸಿಬಿಟ್ಟಿದ್ದಳು. ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ನಾಳೆ ಒಂದು ದಿನ ನೋಡುತ್ತೇನೆ, ಬೆರಳು ಕಂಡರೆ ಭಾನುವಾರ ಅವಳು ನಿನ್ನನ್ನು ಎತ್ತುತ್ತಾಳೆ, ಮುಂದಿನ ಊರುಗಳಲ್ಲೂ ಹಾಗೇ ಇರುತ್ತದೆ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇಬ್ಬರ ಮೈ ಮುರಿಯದಿರಲಿ ಎಂಬ ಚಿಂತೆ ಇತ್ತು, ಅದಕ್ಕೇ ನಾನು ಎದುರು ಮಾತಾಡಲಿಲ್ಲ.

ಶನಿವಾರ ಸಂಜೆ ವೇದಿಕೆಯ ಪಕ್ಕದ ಕಪ್ಪು ಪರದೆಯ ಹಿಂದೆ ತೊಡೆಗೆ ಪಟ್ಟಿ ಬಿಗಿದುಕೊಂಡು ಕೂತಿದ್ದೆ. ಸಂದಿಯಲ್ಲಿ ಅಮ್ಮ ಕಂಡಳು, ಮೊದಲ ಸಾಲು, ಮಡಿಲಲ್ಲಿ ಕರವಸ್ತ್ರ ಆಗಲೇ ಸಿದ್ಧ. ನನ್ನ ಪಕ್ಕ ನಿಂತಿದ್ದ ತಂಗಿ ಬಗ್ಗಿ ನನ್ನ ಕಾಲರ್ ಸರಿಮಾಡಿದಳು. ಬರಲಾ ಎಂದು ಕೇಳಲೂ ಇಲ್ಲ. ಅಕ್ಕ, ಹೆದರಬೇಡ, ನಾನಿದೀನಿ ಎಂದು ಪಿಸುಗುಟ್ಟಿದಳು. ನನಗೆ ಮೈ ಉರಿಯಿತು. ನೀನಿದ್ದೀಯ ಅನ್ನುವುದೇ ನನ್ನ ತೊಂದರೆ ಕಣೇ ಎಂದು ಹೇಳಬೇಕೆನ್ನುವಷ್ಟರಲ್ಲಿ ಡೋಲು ಶುರುವಾಯಿತು.

ಮೊದಲ ಭಾಗ ಚೆನ್ನಾಗಿಯೇ ಹೋಯಿತು. ನಾನು ಸುತ್ತಿದೆ, ಅವಳು ಸುತ್ತಿದಳು. ಅವಳು ಕುಣಿದರೆ ನೋಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಬೆಳಕು ಕಿರಿದಾಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದಾರಿಯ ಹಾಗೆ ಬಿತ್ತು. ನಾನು ಬಗ್ಗಿ ಎದೆಯನ್ನು ಮಂಡಿಗೆ ಒತ್ತಿ ಚಕ್ರ ಹಿಡಿದೆ. ಹಿಂದಿನಿಂದ ಅವಳ ಹೆಜ್ಜೆ ಓಡಿ ಬಂತು, ನಿಂತಿತು. ಎರಡು ಬೆರಳು ನನ್ನ ಭುಜ ತಟ್ಟಿದವು. ಮೆಲ್ಲಗೆ, ಮಲಗಿದ ಮಗುವನ್ನು ಎಬ್ಬಿಸಿದ ಹಾಗೆ. ಆ ತಟ್ಟಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಇವಳ ಬೆರಳು ನೆಲ ಬಿಡುವುದಿಲ್ಲ.

ಬೈಗುಳ ಎಲ್ಲ ಮುಗಿದಿತ್ತು. ಒಂದೇ ಒಂದು ಮಾತು ಉಳಿದಿತ್ತು. ಅದನ್ನು ಸಾಯುವವರೆಗೂ ಹೇಳುವುದಿಲ್ಲ ಅಂದುಕೊಂಡಿದ್ದೆ.

ತಲೆ ಎತ್ತದೆ ಹೇಳಿದೆ: “ಟೀಚರ್ ನಿನ್ನನ್ನ ಕರೀಲಿಲ್ಲ. ಬಸ್ ಸ್ಟಾಪಲ್ಲಿ ಕೂತಿರ್ತಿದ್ದೆಯಲ್ಲ, ನಾನು ನೋಡ್ದೆ. ಪಾಪ ಅನ್ನಿಸ್ತು. ನಾನೇ ಹೇಳಿ ಸೇರಿಸ್ದೆ. ಬಾ.”

ಭುಜದ ಮೇಲಿದ್ದ ಬೆರಳುಗಳು ಹಾಗೇ ನಿಂತವು. ಡೋಲಿನವನು ಒಂದು ಸುತ್ತು ಹೆಚ್ಚು ಬಾರಿಸಬೇಕಾಯಿತು. ಹೋದಳು, ಪರದೆಯ ಹಿಂದೆ ಹೋಗಿಬಿಟ್ಟಳು, ಇನ್ನು ನಾನೊಬ್ಬಳೇ ಇಷ್ಟು ಜನರ ಮುಂದೆ ಬಗ್ಗಿ ಕೂತಿರುತ್ತೇನೆ ಅಂದುಕೊಂಡೆ. ಆಗ ಬಿದ್ದಳು.

ಅಷ್ಟು ಭಾರ ಇದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಉಸಿರು ಹೊರಗೆ ಹೋಯಿತು, ಎಡ ಭುಜದಲ್ಲಿ ಏನೋ ಚಟ್ ಎಂದಿತು, ಅವಳ ಎದೆ ಢವಢವ ಹೊಡೆಯುವುದು ನನ್ನ ಬೆನ್ನಿಗೆ ಕೇಳಿಸುತ್ತಿತ್ತು. ಕಾಲು ನೆಲದಲ್ಲಿಲ್ಲ. ಕೈ ಎಲ್ಲೂ ಹಿಡಿದಿಲ್ಲ. ನಾನು ಚಕ್ರ ದೂಡಿದೆ. ಕುರ್ಚಿ ಬೆಳಕಿನ ಗೆರೆ ಹಿಡಿದು ಹೊರಟಿತು, ಒಂದಿಷ್ಟೂ ಬಲಕ್ಕೆ ಎಳೆಯಲಿಲ್ಲ. ಇಷ್ಟು ವರ್ಷ ಕಾದದ್ದು ಇದಕ್ಕೇ. ನನ್ನ ತಂಗಿಯನ್ನು ನಾನು ಹೊತ್ತುಕೊಂಡು ಹೋಗುತ್ತಿದ್ದೇನೆ, ಅವಳು ಹೊರಿಸಿಕೊಂಡಿದ್ದಾಳೆ, ಎಲ್ಲರೂ ನೋಡುತ್ತಿದ್ದಾರೆ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮೂಲೆ ಮುಟ್ಟಿದೆವು. ಆಮೇಲೆ ಬಂದ ಚಪ್ಪಾಳೆ ಗಟ್ಟಿ ಚಪ್ಪಾಳೆ, ಬರೀ ಕೈಯದು.

ಅವಳು ಇಳಿದಳು. ನೋವಾಯ್ತಾ ಎಂದು ಕೇಳಲಿಲ್ಲ.

ಬಣ್ಣ ತೆಗೆಯುವ ಕೋಣೆಗೆ ಅಮ್ಮ ಗಾಬರಿಯಲ್ಲಿ ಬಂದಳು. ನನ್ನ ಭುಜ ಹಿಡಿದು ನೋಡಿದಳು, ನಾನು ಹಲ್ಲು ಕಚ್ಚಿದೆ. ಅಮ್ಮ ತಂಗಿಯ ಕಡೆ ತಿರುಗಿ, ಅಷ್ಟು ಜೋರಾಗಿ ಬೀಳ್ತಾರೇನೇ, ಅವಳ ಮೂಳೆ ಮುರಿದ್ರೆ ಏನು ಗತಿ ಎಂದು ಬೈದಳು. ಬೇರೆ ದಿನವಾಗಿದ್ದರೆ ಅವಳು ತಪ್ಪಾಯ್ತು ಅಮ್ಮ ಅನ್ನುತ್ತಿದ್ದಳು.

ಹತ್ತಿಯಿಂದ ಹುಬ್ಬಿನ ಕಪ್ಪು ಒರೆಸುತ್ತ, ಕನ್ನಡಿಯಿಂದ ಕಣ್ಣು ತೆಗೆಯದೆ ಅಂದಳು, “ಮುರಿದ್ರೆ ಅವಳ ಮೂಳೆ ಅಮ್ಮ. ನನ್ನದಲ್ಲ.”

ಲಾಯರ್ ಅಮ್ಮನನ್ನು ನೀರು ಕೊಡಿಸುತ್ತೇನೆ ಬನ್ನಿ ಎಂದು ಹೊರಗೆ ಕರೆದುಕೊಂಡು ಹೋದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅವಳು ಬಟ್ಟೆ ಮಡಚಿ ಬ್ಯಾಗಿಗೆ ಹಾಕುತ್ತಿದ್ದಳು, ಅದೇ ಬಸ್ ಸ್ಟಾಪಿನ ಬ್ಯಾಗ್.

“ಯಾವಾಗಿಂದ ಗೊತ್ತಿತ್ತು ನಿನಗೆ?” ಎಂದಳು.

“ಮೊದಲಿಂದ.”

“ಪತ್ರಿಕೇಲಿ ನಾನು ಹಾಗೆ ಹೇಳ್ದಾಗಲೂ ಗೊತ್ತಿತ್ತು. ಆದ್ರೂ ಬಾಯಿ ಬಿಡ್ಲಿಲ್ಲ. ಬೇರೆ ಎಲ್ಲ ಬೈದೆ, ಇದೊಂದನ್ನ ಇಟ್ಕೊಂಡೆ. ನನಗೆ ನೋವಾಗುತ್ತೆ ಪಾಪ ಅಂತ.” ಜಿಪ್ ಎಳೆದಳು. “ನನ್ನ ಬೆರಳನ್ನ ಇಷ್ಟು ದಿನ ಬೈದೆಯಲ್ಲ ಅಕ್ಕ. ನಿನ್ನ ಬೆರಳೂ ನೆಲದ ಮೇಲೇ ಇತ್ತು.”

ನಾನು ಬಗ್ಗಿ ತೊಡೆಯ ಪಟ್ಟಿ ಬಿಚ್ಚತೊಡಗಿದೆ.

ಅವಳು ಬ್ಯಾಗ್ ಹೆಗಲಿಗೇರಿಸಿ ಹೊರಟಳು. ಆ ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಭಾರೀ ಬಾಗಿಲು. ಅಂಥ ಬಾಗಿಲು ಎಲ್ಲಿದ್ದರೂ ಅವಳು ಮುಂದೆ ಹೋಗಿ, ಬೆನ್ನು ಕೊಟ್ಟು ತೆರೆದು ಹಿಡಿದು ನನಗಾಗಿ ನಿಲ್ಲುತ್ತಿದ್ದಳು. ನಾನು ಪ್ರತಿ ಸಲವೂ ಕೈ ತೆಗಿ, ನನಗೆ ಬರುತ್ತೆ ಎಂದು ಗದರುತ್ತಿದ್ದೆ. ಈ ಸಲ ಅವಳು ಹಿಂತಿರುಗಿ ನೋಡದೆ ಹೋದಳು. ಬಾಗಿಲು ವಾಪಸ್ ಬಂದು ನನ್ನ ಕುರ್ಚಿಯ ಪಾದದ ಹಲಗೆಗೆ ಬಡಿಯಿತು. ಬಲಗೈಯಿಂದ ದೂಡಿ, ಚಕ್ರ ಅಡ್ಡ ಕೊಟ್ಟು, ನಾನೇ ದಾಟಿದೆ. ನನಗೆ ಬರುತ್ತದೆ ಎಂದು ನಾನು ಹೇಳುತ್ತಿದ್ದದ್ದು ಸುಳ್ಳೇನಲ್ಲ.

ಮನೆಗೆ ಬಂದಾಗ ಫ್ರಿಜ್ಜಿನ ಮೇಲಿನ ಕಾಗದ ಇರಲಿಲ್ಲ. ಅಂಟಿನ ನಾಲ್ಕು ಗುರುತು ಉಳಿದಿದ್ದವು.

ಭಾನುವಾರ ಬೆಳಿಗ್ಗೆಯಿಂದ ನನಗೆ ಒಂದೇ ಯೋಚನೆ. ಇವತ್ತು ಏನು ಹೇಳಲಿ? ಇದ್ದ ಒಂದು ಕಲ್ಲನ್ನೂ ಎಸೆದಾಗಿತ್ತು. ಅವಳು ಬರುತ್ತಾಳೋ ಇಲ್ಲವೋ ಅನ್ನುವುದೇ ಅನುಮಾನ. ನಾನು ಹೋಗಿ ನೋಡಿದರೆ ಅವಳು ಎಲ್ಲರಿಗಿಂತ ಮೊದಲು ಬಂದು ಮೂಲೆಯಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ನನ್ನ ಕಾಲರ್ ಮುಟ್ಟಲಿಲ್ಲ. ನನ್ನ ಕಡೆ ನೋಡಲಿಲ್ಲ. ಟೀಚರ್ ನಮ್ಮಿಬ್ಬರನ್ನೂ ನೋಡಿ, ಇವತ್ತೂ ಹೊರುವುದು ನೀನೇ ಎಂದು ನನಗೆ ಹೇಳಿ ಹೋದರು.

ಬೆಳಕು ದಾರಿಯ ಹಾಗೆ ಬಿತ್ತು. ನಾನು ಬಗ್ಗಿದೆ. ಹೆಜ್ಜೆ ಓಡಿ ಬಂದು ನಿಂತಿತು. ಎರಡು ಬೆರಳು ಭುಜ ತಟ್ಟಿದವು, ಪರರ ಮನೆಯ ಕದ ತಟ್ಟಿದ ಹಾಗೆ, ಗಟ್ಟಿಯಾಗಿ. ಮತ್ತೆ ಕಾದಳು, ನಿಯಮದ ಪ್ರಕಾರ. ಇವಳು ನನ್ನನ್ನು ಕೇಳಿ, ಉತ್ತರಕ್ಕೆ ನಿಜವಾಗಿ ಕಾದದ್ದು ಇದೇ ಮೊದಲು.

“ಬಾ” ಎಂದೆ.

ಬಂದಳು. ಪೂರ್ತಿ ಬಂದಳು. ಸಿಟ್ಟಿನ ರಭಸ ಇರಲಿಲ್ಲ, ಕರುಣೆಯೂ ಇರಲಿಲ್ಲ, ಮೂಟೆಯ ಹಾಗೆ ಬರೀ ಭಾರ. ನೆಲದ ಮೇಲೆ ಯಾವ ಸದ್ದೂ ಇಲ್ಲ. ನಿನ್ನೆಯ ಭುಜ ಬೆಂಕಿಯ ಹಾಗೆ ಉರಿಯುತ್ತಿತ್ತು. ದೂಡಿದೆ. ನೆಟ್ಟಗೆ ಹೋದೆವು. ಮೂಲೆ ಮುಟ್ಟಿತು, ಗಟ್ಟಿ ಚಪ್ಪಾಳೆ ಬಂತು, ಅವಳು ಇಳಿದು ನನ್ನ ಪಕ್ಕ ನಿಂತಳು.

ಕತ್ತಲಾದಾಗ ಇಬ್ಬರೂ ಪರದೆಯ ಹಿಂದೆ ಸರಿದೆವು. ಮುಂದಿನ ಭಾಗಕ್ಕೆ ಸ್ವಲ್ಪ ಹೊತ್ತಿತ್ತು. ತಾಲೀಮಿನಲ್ಲಿ ಪ್ರತಿ ಸಲ ಅವಳು “ನೋವಾಯ್ತಾ ಅಕ್ಕ?” ಎಂದು ಕೇಳುತ್ತಿದ್ದ ಹೊತ್ತು ಇದೇ. ನಾನು ಭುಜ ಹಿಡಿದುಕೊಂಡು ಕೂತೆ, ಅವಳಿಗೆ ಕಾಣುವ ಹಾಗೆಯೇ ಹಿಡಿದುಕೊಂಡೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅವಳು ಬಾಟಲಿ ಎತ್ತಿ ನೀರು ಕುಡಿದಳು, ಮುಚ್ಚಳ ತಿರುಗಿಸಿದಳು, ತನ್ನ ಜಾಗಕ್ಕೆ ಹೋಗಿ ನಿಂತಳು.